ತಿಂತಿದ್ದೆ ಅಂತ ಹೇಳಿ ಬಾ

ಹೊಟ್ಟಿ ವಿಷಯ ಬರಿಯಾಕ ಈಗ ನನಗ ನಾಚಿಕಿ ಇಲ್ಲ. ಆವಾಗ ಇತ್ತು. ಇಪ್ಪತ್ತು ವರ್ಷ ಸಾಲ್ಯಾಗ ವಿಜ್ಞಾನ ಕಲಿಸಿದಾಕಿ ನಾನು. ಅನ್ನನಾಳದಿಂದ ದೊಡ್ಡ ಕರುಳಿನ ತನಕ ಬೋರ್ಡಿನ ಮ್ಯಾಲೆ ಕಣ್ಣು ಮುಚ್ಚಿ ಬರದು ತೋರಿಸ್ತೀನಿ. ಆದ್ರ ಡಾಕ್ಟ್ರ ಮುಂದ ಕುಂತು, "ಐದು ದಿನಾತ್ರಿ, ಹೊರಕಡೆ ಆಗವಲ್ದು" ಅಂತ ಹೇಳಾಕ ನಾಲಿಗಿ ಹೊಳ್ಳಲಿಲ್ಲ. "ಸ್ವಲ್ಪ ಗ್ಯಾಸ್ರೀ" ಅಂದೆ. ಅವರು ವಯಸ್ಸಾದ ಡಾಕ್ಟ್ರು, ಅರ್ಧ ಮಂದಿ ಕೂಡ ತೆಲುಗು, ಅರ್ಧ ಮಂದಿ ಕೂಡ ಕನ್ನಡ ಮಾತಾಡೋರು. ಕನ್ನಡಕದ ಮ್ಯಾಲಿಂದ ನನ್ನ ನೋಡಿ, "ಟೀಚರಮ್ಮ, ಬರೇ ಗ್ಯಾಸಿಗೆ ಯಾರೂ ಎರಡು ತಾಸು ಕುಂತು ಕಾಯಂಗಿಲ್ಲ. ಖರೇ ಹೇಳ್ರಿ" ಅಂದ್ರು.

ಖರೇ ಹೇಳಿದೆ. ಹೇಳ್ತಾ ಹೋದಂಗ ನನಗ ನನ್ನ ಮ್ಯಾಲೆ ಸಿಟ್ಟು ಬಂತು. ನಾ ಇರೋದು ಬಳ್ಳಾರಿ ಕಂಟೋನ್ಮೆಂಟಿನಾಗ, ಬಾಡಗಿ ಮನ್ಯಾಗ ಒಬ್ಬಾಕೀನ. ಕಲಿಸೋದು ಕುರುಗೋಡಿನ ಹೈಸ್ಕೂಲಿನಾಗ. ಮುಂಜಾನೆ ಬರೇ ಚಾ ಕುಡದು ಬಸ್ಸು ಹತ್ತೋದು, ಇಳದ ಕೂಡಲೆ ಬಸ್‍ಸ್ಟ್ಯಾಂಡಿನಾಗ ಒಂದು ಪ್ಲೇಟ್ ಮಂಡಕ್ಕಿ ಒಗ್ಗರಣಿ, ಎರಡು ಮಿರ್ಚಿ. ಸಾಲ್ಯಾಗಿನ ಪಾಯಖಾನಿ ದೇವರಿಗೇ ಪ್ರೀತಿ, ಅದಕ್ಕ ಅಂಜಿ ನೀರು ಕುಡಿಯೂದಿಲ್ಲ. ಸಂಜಿಗೆ ಮನಿಗೆ ಬಂದು ಅನ್ನ, ಉಪ್ಪಿನಕಾಯಿ, ಮುಗೀತು. ಐತವಾರಕ್ಕೊಮ್ಮೆ ಕರೂರಿಗೆ ಅವ್ವನ ಹತ್ರ ಹೋಗಿ, ವಾರದ ಹಸಿವೆಲ್ಲಾ ಒಂದ ದಿನ ತೀರಿಸಿಕೊಳ್ಳೋರಂಗ ಖಂಡದ ಸಾರು, ಬೋಟಿ, ಕೋಳಿ, ಏನಿದ್ರ ಅದು, ಕುತ್ತಿಗಿ ತನಕ ಉಣ್ಣೋದು. ಸೋಮವಾರದಿಂದ ಹೊಟ್ಟಿ ನಗಾರಿ, ಎದಿ ಉರಿ, ಹುಳಿ ತೇಗು. ಮೂರು ವರ್ಷ ಹಿಂಗ ನಡಸಿದ್ದೆ.

ರಕ್ತ ತಗದ್ರು, ಸ್ಕ್ಯಾನ್ ಮಾಡಿಸಿದ್ರು. ದೊಡ್ಡ ರೋಗ ಏನೂ ಇರಲಿಲ್ಲ. "ರೋಗ ನಿಮ್ಮ ಗಂಗಾಳದಾಗ ಐತಮ್ಮ" ಅಂದ್ರು ಡಾಕ್ಟ್ರು. ಸೊಪ್ಪು, ಕಾಯಿಪಲ್ಯ, ಕಾಳು, ಜ್ವಾಳದ ರೊಟ್ಟಿ, ಹಣ್ಣು, ಮಜ್ಜಿಗಿ, ಮ್ಯಾಲೆ ಮ್ಯಾಲೆ ನೀರು. ಮಿರ್ಚಿ, ಖಾರ ಬಂದ್. ಖಂಡ ಆರು ತಿಂಗಳು ಪೂರಾ ಬಂದ್, ಆಮ್ಯಾಲೂ ಅಪರೂಪಕ್ಕ ಒಂದು ಚೂರು. "ನಿಮ್ಮ ಕರುಳಿಗೆ ಅದನ್ನ ತಳ್ಳೋ ತ್ರಾಣ ಉಳದಿಲ್ಲ" ಅಂದ್ರು.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರ. ನನಗ ಎರಡೂ ಬರೂದಿಲ್ಲ. ಹಂಗಾಗಿ ರೋಗದ ಹಿಂದ ಜಗಳನೂ ಬಂತು, ಅದೂ ಹಡದಾಕಿ ಕೂಡ.

ನಮ್ಮವ್ವ ಕರೂರಾಗ ನನ್ನ ತಮ್ಮ, ತಮ್ಮನ ಹೆಂಡತಿ ಕೂಡ ಇರ್ತಾಳ. ಸಿರುಗುಪ್ಪದಾಗ ಬಸ್ಸು ಬದಲಿ ಮಾಡಿ ಹೋಗಬೇಕು. ಅರವತ್ತೈದು ದಾಟಿದ್ರೂ ಕಾಲುವಿಗೆ ನೀರು ಬಿಟ್ರ ಆಕಿ ಮನ್ಯಾಗ ಕುಂದ್ರಾಕಿ ಅಲ್ಲ. ಭತ್ತ ನಾಟಿ ಮಾಡೋ ಗುಂಪಿನಾಗ ಮುಂದಿನ ಸಾಲಿನಾಗ ಇರ್ತಾಳ, ಹಿಂದ ಬಿದ್ದ ಹುಡುಗ್ಯಾರನ್ನ ಬೈಕೋತ. ನನ್ನ ಸಿಟ್ಟು ಆಕಿಯಿಂದನ ಬಂದದ್ದು. ಆದ್ರ ಆಕಿ ಸಿಟ್ಟಿಗೂ ನನ್ನ ಸಿಟ್ಟಿಗೂ ಒಂದು ಫರಕು ಐತಿ. ನಾ ಕೂಗಿ ಮರೀತೀನಿ. ಆಕಿ ಸುಮ್ಮನಾಗತಾಳ, ಮರಿಯೂದಿಲ್ಲ.

ನಾ ಸಣ್ಣಾಕಿ ಇದ್ದಾಗ ನಮ್ಮನಿ ಊಟ ಅಂದ್ರ ಸೊಪ್ಪು. ಗದ್ದಿ ಬದುವಿನ ಮ್ಯಾಲೆ ತಾನಾಗಿ ಬೆಳಿಯೋ ಹೊನಗೊನ್ನಿ ಸೊಪ್ಪು, ಅದಕ್ಕ ಯಾರೂ ಬೆಲಿ ಕಟ್ಟೂದಿಲ್ಲ, ಯಾರೂ ಬ್ಯಾಡ ಅನ್ನೂದಿಲ್ಲ. ಅವ್ವ ಕಳೆ ತಗದು ಬರೋ ಮುಂದ ಉಡ್ಯಾಗ ತುಂಬಿಕೊಂಡು ಬರಾಕಿ. ಉಪ್ಪು, ಮೆಣಸಿನಕಾಯಿ ಹಾಕಿ ಕುದಿಸಾಕಿ, ಜ್ವಾಳದ ನುಚ್ಚಿನ ಮ್ಯಾಲೆ ಸುರಿಯಾಕಿ. ಇವತ್ತು ಅದು, ನಾಳೆ ಅದು, ನಾಡಿದ್ದು ಅದು. ಈಗಿನ ಮಂದಿ ಅದಕ್ಕ ಆರೋಗ್ಯದ ಊಟ ಅಂತಾರ. ನಮಗ ಅದು ಬ್ಯಾರೆ ಏನೂ ಇಲ್ಲದ್ದಕ್ಕ ತಿನ್ನೋ ಊಟ ಆಗಿತ್ತು.

ದೀಪಾವಳಿ ಮರುದಿನ ಕರಿ. ಆವತ್ತು ಕೇರ್ಯಾಗ ಎಲ್ಲಾರ ಮನ್ಯಾಗೂ ಖಂಡ ಬೇಯತೈತಿ, ಬಡವರ ಮನ್ಯಾಗೂ. ನಾ ನಾಕನೇ ಇಯತ್ತೆ ಇರಬೇಕು, ಆ ವರ್ಷ ಅಪ್ಪ ಜಡ್ಡಿನಾಗ ಮಲಗಿದ್ದ, ನಮ್ಮ ಒಲಿ ಮ್ಯಾಲೆ ಮಾತ್ರ ಸೊಪ್ಪು. ಆಜುಬಾಜು ವಾಸನಿ ಮೂಗಿಗೆ ಬಡದು ನನಗ ತಡಕೊಳ್ಳಾಕ ಆಗಲಿಲ್ಲ. ಗಂಗಾಳ ಎತ್ತಿ ಒಗದೆ. ಬಡಿತಾಳ ಅಂತ ಗ್ವಾಡಿಗೆ ಒತ್ತಿ ನಿಂತೆ. ಅವ್ವ ಬಡೀಲಿಲ್ಲ. ನೆಲದ ಮ್ಯಾಲಿನ ಸೊಪ್ಪು ಬಳದು, ನೀರಾಗ ತೊಳದು, ನನ್ನ ಮುಂದನ ಕುಂತು ತಾನು ತಿಂದಳು. ತಿಂದು ಮುಗಿಸಿ ಒಂದ ಮಾತು ಅಂದಳು: "ನೀ ನೌಕರಿ ಹಿಡಿ. ಆಮ್ಯಾಲೆ ನಿನ್ನ ಗಂಗಾಳಕ್ಕ ನಾ ಸೊಪ್ಪು ಹಾಕಿದ್ರ ಕೇಳು."

ನಾ ಆ ಮಾತು ಮರ್ತಿದ್ದೆ. ಆಕಿ ಮರ್ತಿರಲಿಲ್ಲ. ನೌಕರಿ ಸಿಕ್ಕ ಮ್ಯಾಲೆ ಒಂದು ಐತವಾರನೂ ನನಗ ಸೊಪ್ಪು ಹಾಕಿಲ್ಲ ಅನ್ನೋದು ನನಗ ಹೊಳದದ್ದು ಈ ಜಗಳದಾಗ.

ಮಾರ್ಚ್ ಕಡೀ ಐತವಾರ ಹೋಗಿ ಹೇಳಿದೆ. ಆಕಿ ಆಗಲೇ ಗಡಿಗಿ ಇಳಿಸಿದ್ದಳು. ವಾಸನಿ ಬಾಗಿಲ ತನಕ ಬಂದಿತ್ತು, ನನ್ನ ಬಾಯಾಗೂ ನೀರು ಬಂದಿತ್ತು, ಸುಳ್ಳ್ಯಾಕ ಹೇಳಲಿ. "ಯವ್ವಾ, ನನಗ ಹೊಟ್ಟಿ ಬ್ಯಾನಿ ಐತಿ. ಡಾಕ್ಟ್ರು ಖಂಡ ಬಿಡು ಅಂದಾರ. ಸೊಪ್ಪು, ಕಾಳು ತಿನ್ನು ಅಂದಾರ" ಅಂದೆ. ಐದೈದು ದಿನದ ಕತಿ, ಸ್ಕ್ಯಾನ್, ಎಲ್ಲಾ ಹೇಳಿದೆ.

ಅವ್ವ ಕೈಯಾಗಿನ ಸೌಟು ಕೆಳಗಿಡಲಿಲ್ಲ. "ಡಾಕ್ಟ್ರು ಅಂದ್ರಾ?"

"ಹೂಂ ಬೇ."

"ಯಾವ ಡಾಕ್ಟ್ರು? ನಿನ್ನ ಮನಿ ಮಾಲಕರ ಪೈಕೀನ?"

"ಏನ್ ಮಾತಾಡ್ತಿ ನೀನು! ಅವರಿಗೂ ಇದಕ್ಕೂ ಏನ್ ಸಂಬಂಧ?"

"ನಿನಗ ಗೊತ್ತು" ಅಂದು, ನನ್ನ ಪಾಲಿನ ಸಾರನ್ನ ತಮ್ಮನ ಗಂಗಾಳಕ್ಕ ಸುರದಳು. ನನಗ ರೊಟ್ಟಿ, ಹಿಂಡಿ ಖಾರ ಇಟ್ಟಳು. ಡಾಕ್ಟ್ರು ಖಾರ ಬ್ಯಾಡ ಅಂದಾರ ಅನ್ನೋ ಧೈರ್ಯ ನನಗ ಬರಲಿಲ್ಲ. ತಿಂದೆ. ಸಿರುಗುಪ್ಪದಾಗ ಬಸ್ಸು ಕಾಯೋ ಮುಂದ ಎದಿ ಉರಿ ತಡೀಲಾರದ ಮಜ್ಜಿಗಿ ಹುಡುಕಿಕೊಂಡು ಹೋದೆ.

ಮುಂದಿನ ವಾರ ನಾನ ಸಿರುಗುಪ್ಪ ಸಂತ್ಯಾಗ ಎರಡು ಕಟ್ಟು ರಾಜಗಿರಿ ಸೊಪ್ಪು ತಗೊಂಡು ಹೋದೆ. ಅವ್ವನ ಮುಂದ ಇಟ್ಟು, "ಇದನ್ನ ಬೇಯಿಸಿ ಹಾಕು" ಅಂದೆ. ಈಗ ನೆನಸಿಕೊಂಡ್ರ ಕೈ ಹಿಸುಕಿಕೊಳ್ಳಂಗ ಆಗತೈತಿ. ಆಕಿ ಕಟ್ಟನ್ನ ನೋಡಿದಳು, ನನ್ನ ನೋಡಿದಳು.

"ನಾ ಸೊಪ್ಪು ಬೇಯಿಸಂಗಿಲ್ಲ."

"ಯಾಕ?"

"ನಿನಗ ಬೇಯಿಸಂಗಿಲ್ಲ. ಬಾಳ ಬೇಯಿಸೀನಿ. ಹಲ್ಲಿದ್ದಾಗ ಕಡ್ಲಿ ಇರಲಿಲ್ಲ, ಈಗ ಕಡ್ಲಿ ಐತಿ, ನಿನಗ ಹಲ್ಲು ಬ್ಯಾಡಾಗ್ಯಾವು."

ನನಗ ರೇಗಿತು. "ನಿನಗ ನನ್ನ ಹೊಟ್ಟಿಗಿಂತ ನಿನ್ನ ಹಟ ದೊಡ್ಡದಾತೇನು? ಸಾಯ್ಲೇನು ನಾನು ನಿನ್ನ ಖಂಡ ತಿಂದು?" ಅಂದೆ. ತಮ್ಮನ ಹೆಂಡತಿ ಒಳಗಿಂದ ಓಡಿ ಬಂದಳು.

ಅವ್ವನ ದನಿ ಏರಲಿಲ್ಲ. "ನಿನ್ನ ಹೊಟ್ಟಿ ಸುದ್ದಿ ನಾ ನಂಬಂಗಿಲ್ಲ. ಹನ್ನೊಂದು ವರ್ಷದ ಹಿಂದ ನಾ ನಿನ್ನ ಬಾಜೂಕ ನಿಂತಿದ್ದೆ. ಆ ಮಾಲಕಿ ಕೇಳಿದಳು, ನೀ ಏನಂದಿ ನಾ ಕೇಳೀನಿ. ಆವತ್ತು ಬಾಯಿಲೆ ಬಿಟ್ಟಿ, ಇವತ್ತು ಖರೇನ ಬಿಟ್ಟಿ. ನಡುವ ಡಾಕ್ಟ್ರನ್ನ ಯಾಕ ತರತಿ?"

ಆವಾಗ ನನ್ನ ಸಿಟ್ಟೆಲ್ಲಾ ಸರ್ರಂತ ಇಳೀತು. ಹನ್ನೊಂದು ವರ್ಷ ಆ ಸುದ್ದಿ ಆಕಿ ಒಮ್ಮೆನೂ ತಗದಿರಲಿಲ್ಲ.

ಬಳ್ಳಾರ್ಯಾಗ ಮನಿ ಹುಡುಕೋ ಕಾಲಕ್ಕ ಅವ್ವನ್ನ ಕರಕೊಂಡು ಹೋಗಿದ್ದೆ, ಒಬ್ಬಾಕಿ ಹೆಣ್ಣಮಗಳಿಗೆ ಮನಿ ಕೊಡಾಕ ಮಂದಿ ಹಿಂದ ಮುಂದ ನೋಡ್ತಾರಂತ. ಏಳು ಮನಿ ನೋಡಿದ್ವಿ. ಎಲ್ಲಾ ಕಡೆ ಮೊದಲನೇ ಪ್ರಶ್ನೆ ಒಂದ: ವೆಜ್ಜಾ, ನಾನ್‍ವೆಜ್ಜಾ? ಜಾತಿ ಯಾರೂ ಕೇಳೂದಿಲ್ಲ, ಈಗ ಹಂಗ ಕೇಳೂದು ಚೊಲೊ ಕಾಣೂದಿಲ್ಲಲ್ಲ. ಆ ಒಂದು ಪ್ರಶ್ನೆದಾಗ ಅವರಿಗೆ ಬೇಕಾದ್ದೆಲ್ಲಾ ಸಿಗತೈತಿ. ಆರು ಮನ್ಯಾಗ ಖರೇ ಹೇಳಿ ವಾಪಸ್ ಬಂದಿದ್ವಿ. ಏಳನೇದು ಕಂಟೋನ್ಮೆಂಟಿನ ಈ ಮನಿ. ಎತ್ತರದ ಮಾಡು, ದೊಡ್ಡ ಬೇವಿನ ಮರ, ಒಳಗ ತಂಪು. ಮಾಲಕರು ವೈಷ್ಣವರು, ಗಂಡ ತೀರಿಕೊಂಡು ಒಬ್ಬರೇ ಮುಂದಿನ ಭಾಗದಾಗ ಇದ್ರು, ಯಾವುದೋ ಕಚೇರ್ಯಾಗ ಗುಮಾಸ್ತರಾಗಿ ರಿಟೈರಾದೋರು. ಮೆತ್ತಗ ಕೇಳಿದ್ರು, "ನೀವು ತಿನ್ನೋರೇನು?" ಅಂತ. ನಾ ದಣಿದಿದ್ದೆ. "ಇಲ್ರೀ, ನಾವು ಮುಟ್ಟೂದಿಲ್ಲ" ಅಂದೆ. ನಾವು ಅಂದೆ. ಬಾಜೂಕ ನಿಂತ ಅವ್ವನ್ನೂ ಸೇರಿಸಿ.

ಆಮ್ಯಾಲಿನ ಹನ್ನೊಂದು ವರ್ಷದಾಗ ಅವ್ವ ಒಂದು ರಾತ್ರಿನೂ ನನ್ನ ಮನ್ಯಾಗ ಉಳೀಲಿಲ್ಲ. ಕಣ್ಣು ತೋರಿಸಾಕ ಬಳ್ಳಾರಿಗೆ ಬಂದ್ರೂ ಅಂಗಳದಾಗ ಕುಂತು ನೀರು ಕುಡದು ಹೊಳ್ಳಿ ಹೋಗಾಕಿ. ಪ್ಯಾಟಿ ಆಕಿಗೆ ಸೇರೂದಿಲ್ಲ ಅಂತ ನಾ ತಿಳಕೊಂಡಿದ್ದೆ. ಮಂದಿಗೆ ವಿಜ್ಞಾನ ಕಲಿಸೋ ಶಾಣ್ಯಾಕಿ ನಾನು!

"ಏನ್ ಮಾಡಿದ್ರ ನಂಬ್ತಿ?" ಅಂತ ಕೇಳಿದೆ.

"ಹೊಟ್ಟಿ ಸಲುವಾಗಿನ ಬಿಟ್ಟಿದ್ರ, ನಾ ತಿಂತಿದ್ದೆ ಅಂತ ಆ ಮನಿ ಮಾಲಕರಿಗೆ ಹೇಳಿ ಬಾ. ಹೇಳಿ ಬಂದ ದಿನ ಸೊಪ್ಪು ಬೇಯಿಸ್ತೀನಿ. ಹೇಳಾಕ ಆಗಲಿಲ್ಲಂದ್ರ ಉಣ್ಣಾಕ ಬರಬ್ಯಾಡ. ನಾ ಮುಟ್ಟಿದ ಗಡಿಗಿ ಮುಟ್ಟದಾಕಿ ನನ್ನ ಮನ್ಯಾಗ ಕುಂತು ಬರೇ ರೊಟ್ಟಿ ಕಡಿಯೋದು ನನಗ ನೋಡಾಕ ಆಗೂದಿಲ್ಲ."

ಎಂಥಾ ಮಾತು ನೋಡ್ರಿ. ತಿನ್ನೋವಾಗ ತಿನ್ನೂದಿಲ್ಲ ಅಂದಿದ್ದೆ, ಈಗ ತಿನ್ನೋದು ಬಿಟ್ಟ ಮ್ಯಾಲೆ ತಿಂತಿದ್ದೆ ಅಂತ ಹೇಳಿ ಬರಬೇಕು. ಹೆಂಗೂ ಈಗ ನನ್ನ ಸುಳ್ಳು ಖರೇ ಆಗೈತಲ್ಲ, ಬಿಡು ಅತ್ತ, ಅನ್ನಿಸ್ತು. ಆಕಿದು ಅತಿ ಆತು ಅಂತ ಬೈಕೋತ ಬಸ್ಸು ಹತ್ತಿದೆ. ಬೇಸಗಿ ಸೂಟಿ ಬಂತು. ಯಾವ ವರ್ಷನೂ ಸೂಟ್ಯಾಗ ನಾ ಬಳ್ಳಾರ್ಯಾಗ ಉಳದಾಕಿ ಅಲ್ಲ, ಆ ವರ್ಷ ಉಳದೆ. ಫೋನ್ ಮಾಡಿದ್ರ ತಮ್ಮನ ಹೆಂಡತಿ ಎತ್ತಾಕಿ. "ಅತ್ತಿ ಹೊಲಕ್ಕ ಹೋಗ್ಯಾಳ್ರಿ ಅಕ್ಕಾ" ಅನ್ನಾಕಿ. ಮೇ ತಿಂಗಳ ಬಿಸಿಲಾಗ ಯಾವ ಹೊಲ? ಹಿಂದ ಅವ್ವನ ಕೆಮ್ಮು ನನಗ ಕೇಳಸ್ತಿತ್ತು.

ಹೊಟ್ಟಿ ಮಾತ್ರ ಡಾಕ್ಟ್ರು ಹೇಳಿದಂಗ ದಾರಿಗೆ ಬಂತು. ಮೊದಲ ಎರಡು ವಾರ ಕಾಳು ತಿಂದು ಇನ್ನಷ್ಟು ಉಬ್ಬಿತು, ನಾ ಡಾಕ್ಟ್ರನ್ನ ಮನಸಾರೆ ಶಪಿಸಿದೆ. ರಾತ್ರಿ ನೆನಸಿ, ನೀರು ಚೆಲ್ಲಿ, ಮೆತ್ತಗ ಬೇಯಿಸಿ ಸ್ವಲ್ಪ ಸ್ವಲ್ಪ ತಿನ್ನಬೇಕು ಅಂತ ಆಮ್ಯಾಲೆ ಕಲ್ತೆ. ಮುಂಜಾನೆ ಎರಡು ರೊಟ್ಟಿ ಬಡದು, ಸಬ್ಬಸಗಿನೋ ಮೆಂತೆನೋ ಪಲ್ಯ ಮಾಡಿ ಡಬ್ಬಿ ಕಟ್ಟಿಕೊಂಡೆ. ಕುರುಗೋಡು ಬಸ್‍ಸ್ಟ್ಯಾಂಡಿನ ಮಿರ್ಚಿ ಅಂಗಡ್ಯಾತ, "ಏನ್ ಟೀಚರ್ರೀ, ನಮ್ಮ ಮ್ಯಾಲೆ ಸಿಟ್ಟಾ?" ಅಂತ ಸಾಲಿ ಇದ್ದ ದಿನೆಲ್ಲಾ ಕೇಳ್ತಿದ್ದ. ಒಂದೂವರಿ ತಿಂಗಳಿಗೆ ಎದಿ ಉರಿ ನಿಂತು, ಮುಂಜಾನೆ ಎದ್ದ ಕೂಡಲೆ ಹೊಟ್ಟಿ ತಾನ ಹಗುರಾಗಾಕ ಹತ್ತಿತು. ಇದನ್ನ ಯಾರಿಗೆ ಹೇಳಲಿ? ಇಂಥಾ ಮಾತು ಹೇಳಾಕ ಲೋಕದಾಗ ಅವ್ವನ್ನ ಬಿಟ್ರ ಯಾರಿರ್ತಾರ?

ಮಾಲಕರಿಗೆ ಹೇಳಿದೆ. ಖಂಡದ ಸುದ್ದಿ ಅಲ್ಲ, ಹೊಟ್ಟಿ ಸುದ್ದಿ. ಆಷಾಢದಾಗ ಅವರದು ಚಾತುರ್ಮಾಸ ಸುರುವಾತು. ಮೊದಲ ತಿಂಗಳು ಶಾಕವ್ರತ, ಅಂದ್ರ ಕಾಯಿಪಲ್ಯ, ಸೊಪ್ಪು ಒಂದೂ ಮುಟ್ಟೂದಿಲ್ಲ ಅವರು. ತಾವು ತಿನ್ನದಿದ್ರೂ ಸೊಪ್ಪಿನಾಕಿ ಬಂದ್ರ ಗೇಟಿನ ಹತ್ರ ನಿಂತು ಎಳೇ ಕಟ್ಟು ಆರಿಸಿ, ನೀರು ಚಿಮಿಕಿಸಿ, ನನ್ನ ಬಾಗಿಲಿಗೆ ಇಟ್ಟು ಹೋಗೋರು. ತಮ್ಮ ವ್ರತಕ್ಕ ನೆನಸಿದ ಹೆಸರುಬ್ಯಾಳ್ಯಾಗ ಉಪ್ಪು, ಮೆಣಸು ಹಾಕಿ ನನಗೊಂದು ಸ್ಟೀಲ್ ಡಬ್ಬಿ ತುಂಬ ಕೊಡೋರು. "ನಿಮ್ಮ ಹೊಟ್ಟಿ ಹ್ಯಾಂಗದ ಟೀಚರ್ರೀ?" ಅಂತ ದಿನಾ ಸಂಜಿಗೆ ಕೇಳೋರು.

ಆ ಡಬ್ಬಿ ಕೈಯಾಗ ಹಿಡದಾಗೆಲ್ಲಾ ನನಗ ಒಳಗ ಚುಚ್ಚತಿತ್ತು. ಹೆತ್ತಾಕಿ ಕೇಳವಲ್ಲಳು, ಇವರು ಕೇಳಾಕತ್ಯಾರ. ಆದ್ರ ಇವರು ಕೇಳೋದು ಯಾರಿಗೆ? ಏಳನೇ ಮನಿ ಬಾಗಿಲಾಗ ನಿಂತು 'ನಾವು ಮುಟ್ಟೂದಿಲ್ಲ' ಅಂದಾಕಿಗೆ. ಆಕಿ ನಾನಲ್ಲ. ಅವ್ವನಿಗೆ ಇದು ಹನ್ನೊಂದು ವರ್ಷದ ಹಿಂದನ ಗೊತ್ತಾಗಿತ್ತು, ನನಗ ಈಗ ತಿಳೀತು. ಹೊಟ್ಟಿ ಆರಾಮಾದಷ್ಟೂ ಈ ಸಂಕಟ ಹೆಚ್ಚಾತು. ಊಟ ಮಾಡೋ ಮುಂದ ಎರಡು ದಿನ ಸುಮ್ಮನ ಅತ್ತೀನಿ. ನಾ ಅಳೋ ಹೆಂಗಸಲ್ಲ.

ಒಂದು ಶನಿವಾರ ಮಧ್ಯಾಹ್ನ ಸಾಲಿ ಬಿಟ್ಟು ಬಂದಾಕಿ ಕೈಕಾಲು ಸೈತ ತೊಳೀಲಿಲ್ಲ. ಡಬ್ಬಿ ತೊಳದಿಟ್ಟಿದ್ದೆ, ಅದನ್ನ ಹಿಡಕೊಂಡು ಅವರ ಕಟ್ಟಿಗೆ ಹೋದೆ. ಅವರು ಬತ್ತಿ ಹೊಸೀತಿದ್ರು.

"ಬರ್ರಿ ಬರ್ರಿ. ಹೊಟ್ಟಿ ಹ್ಯಾಂಗದ?"

"ಚೊಲೊ ಐತ್ರಿ ಅಮ್ಮಾರೆ. ಒಂದು ಮಾತು ಹೇಳಬೇಕಾಗಿತ್ತು. ನಾ ಖಂಡ ತಿಂತಿದ್ದೆ ರೀ. ಈ ಮನಿಗೆ ಬಂದಾಗ ಇಲ್ಲ ಅಂದಿದ್ದೆ. ಅದು ಸುಳ್ಳು."

ಅವರ ಕೈಯಾಗಿನ ಬತ್ತಿ ಹಂಗ ನಿಂತಿತು. "ಈ ಮನ್ಯಾಗ?"

"ಇಲ್ರೀ. ಇಲ್ಲಿ ಒಂದು ದಿನಾನೂ ಇಲ್ಲ. ನಮ್ಮವ್ವನ ಮನ್ಯಾಗ, ಕರೂರಾಗ. ನಮ್ಮ ಮಂದಿ ಎಲ್ಲಾ ತಿನ್ನೋರ. ನಮ್ಮವ್ವನೂ ತಿಂತಾಳ."

"ಈಗ ಬಿಟ್ಟೀರಲ್ಲ?"

"ಬಿಟ್ಟೀನಿ. ಹೊಟ್ಟಿ ಸಲುವಾಗಿ. ನಾಳೆ ಡಾಕ್ಟ್ರು ಹೂಂ ಅಂದ್ರ ಮತ್ತ ತಿಂದೇನು."

ಅವರು ಹೊಸದ ಬತ್ತಿ ಒಂದೊಂದಾಗಿ ತಟ್ಟ್ಯಾಗ ಜೋಡಿಸಿದ್ರು. ಬೈದಿದ್ರ ನನಗ ಹಗುರ ಆಗತಿತ್ತು, ನಾನೂ ನಾಕು ಮಾತು ಆಡತಿದ್ದೆ. ಕಡೀಕ, "ಹ್ಯಾಂಗೂ ಬಿಟ್ಟಿದ್ರಿ. ಹೇಳದಿದ್ರ ನಡೀತಿತ್ತಲ್ಲ ಟೀಚರ್ರೀ" ಅಂದ್ರು. ದನ್ಯಾಗ ಸಿಟ್ಟಿರಲಿಲ್ಲ, ಏನೋ ಕಳಕೊಂಡೋರಂಗ ಇತ್ತು.

"ನಡೀತಿತ್ರಿ. ನನಗ ಆಗಲಿಲ್ಲ" ಅಂದೆ. ಡಬ್ಬಿ ಅವರ ಮುಂದ ಇಟ್ಟೆ.

ಅವರು ಅದರ ಕಡೆ ನೋಡಿದ್ರು, ಕೈ ಚಾಚಲಿಲ್ಲ. "ಇರ್ಲಿ. ಅದು ನಿಮ್ಮ ಹತ್ರನ ಇರ್ಲಿ" ಅಂದ್ರು.

ಮನಿ ಬಿಡ್ರಿ ಅನ್ನಲಿಲ್ಲ. ಇವತ್ತಿನ ತನಕ ಅಂದಿಲ್ಲ. ಎದುರು ಬಂದ್ರ ನಗತಾರ, ಮಳಿ ಬಂದ್ರ ಒಣಗಿದ ಬಟ್ಟಿ ಒಳಗ ತಗೋರಿ ಅಂತ ಕೂಗತಾರ. ಸೊಪ್ಪಿನಾಕಿ ಬಂದಾಗ ಮಾತ್ರ ಈಗ ನಾನ ಗೇಟಿಗೆ ಹೋಗಬೇಕು. ಅವರನ್ನ ಕೆಟ್ಟೋರು ಅನ್ನಾಕ ನನಗ ಮನಸ್ಸಿಲ್ಲ. ಆದ್ರ ಆವತ್ತು ಆ ಡಬ್ಬಿ ಎತ್ತಿಕೊಂಡು ಹತ್ತು ಹೆಜ್ಜಿ ನಡದು ನನ್ನ ಬಾಗಿಲಿಗೆ ಹೊಳ್ಳಿ ಬಂದೆ. ಹನ್ನೊಂದು ವರ್ಷದ ಹಿಂದ ಅವ್ವನಿಗೆ ಹೆಂಗಾಗಿತ್ತು ಅಂತ ನನಗ ಆ ಹತ್ತು ಹೆಜ್ಜಿ ಒಳಗ ಗೊತ್ತಾತು.

ಮರುದಿನ ಐತವಾರ, ಮೊದಲನೇ ಬಸ್ಸಿಗೆ ಹೊಂಟೆ. ಸಿರುಗುಪ್ಪ ದಾಟಿದ ಮ್ಯಾಲೆ ಎರಡೂ ಕಡೆ ಗದ್ದಿ ತುಂಬ ನೀರು, ನಾಟಿ ನಡದಿತ್ತು. ಅವ್ವ ಹೊಲಕ್ಕ ಹೋಗಿದ್ರ ಸಂಜಿ ತನಕ ಕಾಯತೀನಿ, ಈ ಸಲ ವಾಪಸ್ ಹೋಗಂಗಿಲ್ಲ ಅಂತ ಗಟ್ಟಿ ಮಾಡಿಕೊಂಡಿದ್ದೆ. ಆಕಿ ಹೊಂಟು ನಿಂತಿದ್ದಳು, ಸೀರಿ ಎತ್ತಿ ಕಟ್ಟಿಕೊಂಡು ಬಾಗಿಲಾಗ ಸಿಕ್ಕಳು. ನಾಕು ತಿಂಗಳ ಮ್ಯಾಲೆ ನೋಡಿದ್ದು. ಕುತ್ತಿಗಿ ಎಲುವು ಎದ್ದು ಕಾಣತಿದ್ವು.

"ಯಾಕ ಬಂದಿ?" ಅಂದಳು.

"ಹೇಳಿ ಬಂದೆ ಬೇ."

ಆಕಿಗೆ ಏನು ಅಂತ ಕೇಳೋ ಗರಜು ಬೀಳಲಿಲ್ಲ. ಹೊಸ್ತಿಲ ಮ್ಯಾಲೆ ಕುಂತಳು, ನಾ ಕೆಳಗ ಕುಂತೆ. "ಏನಂದಿ? ಇದ್ದಂಗ ಹೇಳು" ಅಂದಳು. ಒಂದು ಮಾತು ಬಿಡದಂಗ ಹೇಳಿದೆ. ನಮ್ಮ ಮಂದಿ ಎಲ್ಲಾ ತಿನ್ನೋರು, ನಮ್ಮವ್ವನೂ ತಿಂತಾಳ ಅಂದದ್ದು ಹೇಳಿದಾಗ ಆಕಿ ಸೆರಗು ಬಾಯಿಗೆ ಇಟ್ಟುಕೊಂಡಳು.

"ನನ್ನ ಹೆಸರೂ ತಗದೀ?"

"ತಗದೆ."

"ಮನಿ ಬಿಡಿಸಿದಳೇನು?"

"ಇಲ್ಲ. ಡಬ್ಬಿ ಕೊಡಾಕ ಹೋದೆ, ತಗೊಳ್ಳಲಿಲ್ಲ."

ಅವ್ವ ತಲಿ ಆಡಿಸಿದಳು. ಗೆದ್ದೆ ಅನ್ನೋ ಕಳಾ ಆಕಿ ಮುಖದಾಗ ಬರಲಿಲ್ಲ. ಹೊಲಕ್ಕ ಹೋಗೋ ಹೆಂಗಸರು ಹಾದ್ಯಾಗ ನಿಂತು ಕೂಗಿದ್ರು, "ಬರ್ತಿ ಏನಬೇ?" ಅಂತ. ಆಕಿ ಕೈ ಬೀಸಿ ಹೋಗ್ರಿ ಅಂದಳು. ಆಮ್ಯಾಲೆ ನನ್ನ ಮುಖ ದಿಟ್ಟಿಸಿ ನೋಡಿದಳು, ನೋಡ್ತಾ ನೋಡ್ತಾ ಆಕಿ ಮುಖದ ಬಣ್ಣ ಇಳೀತು.

"ಅಂದ್ರ ಹೊಟ್ಟಿ ಬ್ಯಾನಿ ಖರೇನ ಇತ್ತೇನು ನಿನಗ?"

"ಖರೇನ ಬೇ. ಆವತ್ತ ಹೇಳಿದ್ನಲ್ಲ."

"ಎಷ್ಟು ದಿನಾತು? ಎಲ್ಲಿ ನೋಯತೈತಿ? ರಕ್ತ ಗಿಕ್ತ ಬಿತ್ತೇನು? ಡಾಕ್ಟ್ರು ಏನಂದ್ರು, ನನ್ನ ಮುಂದ ಮುಚ್ಚಬ್ಯಾಡ, ಖರೇ ಹೇಳು!" ಒಂದರ ಮ್ಯಾಲೊಂದು ಕೇಳಿದಳು. ಮಾರ್ಚ್ ತಿಂಗಳಾಗ ನಾ ಹೇಳಿದ್ದ ಮಾತೆಲ್ಲಾ ಈಗ ಹೊಸದಾಗಿ ಕೇಳಾಕತ್ತಿದ್ದಳು. ಆವಾಗ ಆಕಿ ಕೇಳಿದ್ದು ಬರೇ ಮನಿ ಮಾಲಕರ ಸುದ್ದಿ, ಮಗಳ ಸುದ್ದಿ ಕಿವಿಗೆ ಬಿದ್ದಿರಲೇ ಇಲ್ಲ. "ಒಲಿ ಹಚ್ಚಲೇ, ಸೊಪ್ಪು ಸೋಸು, ಖಾರ ಹಾಕಬ್ಯಾಡ" ಅಂತ ಸೊಸಿಗೆ ಕೂಗಿದಳು. ದನಿ ಒಡದಿತ್ತು. "ನಾಕು ತಿಂಗಳು ಒಬ್ಬಾಕಿ ಬ್ಯಾನಿ ತಿಂದೀ? ನಾ ಇದ್ದು ಸತ್ತಂಗ ಆತಲ್ಲಲೇ ನಿನಗ!"

ನನ್ನ ತೋಳು ಹಿಡದು ಹತ್ರ ಎಳಕೊಂಡು, ನಾಟಿ ಮಾಡಿ ಒಡದ ಅಂಗೈಯನ್ನ ನನ್ನ ಹೊಟ್ಟಿ ಮ್ಯಾಲೆ ಇಟ್ಟು ಒತ್ತಿದಳು. "ಇಲ್ಲೇನು? ಇಲ್ಲೇನು? ಹೇಳವ್ವಾ, ಎಲ್ಲಿ?"

"ಈಗ ಇಲ್ಲವ್ವಾ. ಈಗ ಆರಾಮ ಐತಿ" ಅಂದೆ. ಎರಡು ಸಲ ಅಂದೆ. ಆಕಿ ಕೈ ತಗೀಲಿಲ್ಲ.